ಕಣ್ಣು ಬರೆಯದ ಮೀನುಗಳು

ನವೆಂಬರ್ 18, 2024, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಮನೆಯಲ್ಲಿ ಒಬ್ಬಳೇ ಒದರಿ ಒದರಿ ನನ್ನ ದನಿ ನನಗೇ ಸಾಕಾಗಿ ಹೋಗಿದೆ, ಅದಕ್ಕೆ.

ಇವರಿಗೆ ಲಕ್ವ ಹೊಡೆದು ಇಂದಿಗೆ ನಲವತ್ತೆರಡು ದಿನ. ಬಲಗಾಲು ಎಳೆಯುತ್ತಾರೆ. ಬಲಗೈ ಲೋಟ ಹಿಡಿಯುವ ಮಟ್ಟಕ್ಕೆ ಬಂದಿದೆ. ಮಾತು ಮಾತ್ರ ಪೂರ್ತಿ ನಿಂತಿದೆ. ಕುಮಟಾ–ಭಟ್ಕಳ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರಾಗಿದ್ದ ಮನುಷ್ಯ! ಹೊನ್ನಾವರ ಸ್ಟ್ಯಾಂಡಿನಲ್ಲಿ ನಿಂತು ‘ಮಂಕಿ, ಮುರ್ಡೇಶ್ವರ, ಭಟ್ಕಳ’ ಎಂದು ಕೂಗಿದರೆ ಹೊಳೆಯಾಚೆ ಕಾಸರಕೋಡಿನವರು ಚಪ್ಪಲಿ ಮೆಟ್ಟುತ್ತಾರೆ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಆ ಗಂಟಲಿಗೆ ಮನೆಯಲ್ಲಿ ನಾನು ಬೈದದ್ದಕ್ಕೆ ಮಿತಿಯಿಲ್ಲ. ಈಗ ಬಾಯಿ ತೆರೆಯುತ್ತಾರೆ, ಏನೋ ಹೊರಟಿತು ಎನ್ನುವಷ್ಟರಲ್ಲಿ ಹಣೆ ಬೆವರುತ್ತದೆ, ಮುಚ್ಚುತ್ತಾರೆ. ನನಗೆ ಹೆದರಿಕೆಯಾಗುತ್ತದೆ. ಹಗಲಿಡೀ ಹೆದರಿಕೆ.

ಮಾತು ಕಲಿಸುವ ವೀಣಾ ಮೇಡಂ ಹತ್ತಿರ ಹೊನ್ನಾವರಕ್ಕೆ ಹೋಗಿದ್ದೆವು. ಮೂವತ್ತು ದಾಟದ ಹುಡುಗಿ, ನನ್ನನ್ನು ಅಕ್ಕಾ ಎನ್ನುತ್ತಾಳೆ. “ಬರೂ ಮಾತು ಹೆಚ್ಚಾಗಿ ಮೊದಲ ಆರು ತಿಂಗಳೊಳಗೇ ಬರ್ತದೆ ಅಕ್ಕಾ,” ಎಂದಳು. ಆರು ತಿಂಗಳೆಂದರೆ ಏಪ್ರಿಲ್ ಏಳು. ಆಮೇಲೆ ಇವರ ಕಡೆ ತಿರುಗಿ, “ನಿಮ್ಮ ಹೆಸ್ರು ಎಂತ ಸರ್?” ಎಂದು ಕೇಳಿದಳು.

“ದಿವಾಕರ,” ಎಂದೆ.

“ಊರು?”

“ಹಳದೀಪುರ.”

“ಬೆಳಿಗ್ಗೆ ತಿಂಡಿ ಎಂತ ಆತು?”

“ನೀರುದೋಸೆ. ಎರಡೇ ತಿಂದ್ರು.”

ಅವಳು ಪೆನ್ನು ಕೆಳಗಿಟ್ಟಳು. “ಅಕ್ಕಾ, ಪರೀಕ್ಷೆ ನಿಮ್ಗಲ್ಲ. ನೀವು ಸುಮ್ನಿದ್ರೆ ಅವ್ರಿಗೆ ಜಾಗ ಸಿಕ್ತದೆ.”

ಸಿಟ್ಟು ನೆತ್ತಿಗೇರಿತು. ಗಂಡ ಬಾಯಿ ತೆರೆದು ಒದ್ದಾಡುವುದನ್ನು ನೋಡುತ್ತ ಸುಮ್ಮನೆ ಕೂರಲು ನಾನೇನು ಕಲ್ಲೇ? ಬಸ್ಸಿನಲ್ಲಿ ಬರುವಾಗ ಅವಳನ್ನು ಚೆನ್ನಾಗಿ ಬೈದೆ. ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ನವೆಂಬರ್ 24, ಭಾನುವಾರ

ದೇವು ಬಂದಿದ್ದ. ಬಡಗಣಿ ಹೊಳೆಯಲ್ಲಿ ದೋಣಿ ಇಟ್ಟುಕೊಂಡವನು. ವಾರದ ರಜೆಯ ದಿನ ಇವರನ್ನು ಮೀನು ಹಿಡಿಯಲು ಕರೆದೊಯ್ಯುತ್ತಿದ್ದ. ಬಲೆಯಲ್ಲ. ಭಟ್ಕಳದಲ್ಲಿ ದುಬೈ ಸಾಮಾನು ಮಾರುವ ಅಂಗಡಿಯಿಂದ ತಂದ ಗಾಳದ ಕೋಲು, ಚಕ್ರ, ದಾರ. ಇವರಿಗೆ ಒಂದೇ ಮೀನಿನ ಹುಚ್ಚು, ಕುರಡಿ. ಕೊಂಕಣಿಯವರು ಚೋಣಕ ಎನ್ನುವುದು ಅದನ್ನೇ. ಉಪ್ಪುನೀರು ಸಿಹಿನೀರು ಕೂಡುವ ಕಡೆ ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಅಡಗಿ ಕೂತು, ಎದುರು ದಾಟುವ ಸಣ್ಣ ಮೀನನ್ನು ಗಬಕ್ಕನೆ ನುಂಗುವ ಜಾತಿ. ಅದನ್ನು ಮೋಸ ಮಾಡಲು ಬಣ್ಣದ ಪ್ಲಾಸ್ಟಿಕ್ ಮೀನು ಕಟ್ಟಿ ಎಸೆದು ಎಳೆಯುವುದು. ದೇವು ಅದಕ್ಕೆ ಲೂರ್ ಎನ್ನುತ್ತಾನೆ. ನಾನು ಸುಳ್ಳುಮೀನು ಎಂದು ಹೇಳಿ ಇವರನ್ನು ರೇಗಿಸುತ್ತಿದ್ದೆ.

ದೇವು ಹೋದ ಮೇಲೆ ಇವರು ಆ ಸುಳ್ಳುಮೀನುಗಳ ಡಬ್ಬಿ ತೆಗೆದು ಕೂತರು. ಮೂತಿ ಮುರಿದ ಒಂದನ್ನು ಎಡಗೈಯಲ್ಲಿ ಎತ್ತಿ ನನ್ನತ್ತ ಚಾಚಿದರು. ಕಾಯಿಲೆ ಬಿದ್ದ ಮೇಲೆ ತಾವಾಗಿ ನನ್ನ ಹತ್ತಿರ ಏನಾದರೂ ಕೇಳಿದ್ದು ಇದೇ ಮೊದಲು. ಅಂಟು ಹಾಕಿದೆ, ಕೂರಲಿಲ್ಲ. “ಹೋಗ್ಲಿ ಬಿಡಿ, ಹೊಸದೇ ಮಾಡಿಕೊಡ್ತೆ,” ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ.

ಡಿಸೆಂಬರ್ 3, ಮಂಗಳವಾರ

ನಾನು ಕುಮಟೆಯ ಗುಡಿಗಾರರ ಮನೆಯ ಮಗಳು. ಅಪ್ಪನಿಗೆ ಚೌತಿಯ ಮೊದಲು ಮಣ್ಣಿನ ಗಣಪತಿ, ಮದುವೆ ಕಾಲದಲ್ಲಿ ಬೆಂಡಿನ ಬಾಸಿಂಗ ಮಾಡುವ ಕೆಲಸ. ಬೆಂಡು ಎಂದರೆ ಕೆರೆಯಲ್ಲಿ ಬೆಳೆಯುವ ಗಿಡ. ಒಣಗಿಸಿದರೆ ಬೆಳ್ಳಗೆ, ಕೈಯಲ್ಲಿ ಹಿಡಿದಿದ್ದೇವೋ ಇಲ್ಲವೋ ತಿಳಿಯುವುದಿಲ್ಲ, ಅಷ್ಟು ಹಗುರ. ತವರಿನಿಂದ ಒಂದು ಕಟ್ಟು ತರಿಸಿದೆ. ಅಪ್ಪನ ಸಣ್ಣ ಚೂರಿಯೂ ಬಂತು.

ಮಧ್ಯಾಹ್ನ ಇವರು ಜಗಲಿಯಲ್ಲಿ ಮಲಗಿದ್ದರು. ನಾನು ಕಂಬಕ್ಕೆ ಒರಗಿ ಕೂತು ಕೆತ್ತಿದೆ. ಬೆಂಡಿನ ಸಿಪ್ಪೆ ಸದ್ದಿಲ್ಲದೆ ಮಡಿಲಿಗೆ ಬೀಳುತ್ತದೆ. ತೆಂಗಿನ ಮರದ ನೆರಳು ಅಂಗಳದಲ್ಲಿ ಒಂದು ಗೇಣು ಸರಿಯಿತು, ಎರಡು ಗೇಣು ಸರಿಯಿತು. ಅಡುಗೆಮನೆಯಲ್ಲಿ ಅಪ್ಪ ಕೆಮ್ಮಿದ ಹಾಗಾಯಿತು. ಅವರು ಹೋಗಿ ಹದಿನೆಂಟು ವರ್ಷ. ಒಂದು ನಿಮಿಷ ತವರಿನ ಜಗಲಿ ಯಾವುದು, ಈ ಜಗಲಿ ಯಾವುದು ಎಂದೇ ಗೊತ್ತಾಗಲಿಲ್ಲ. ಹಾಗೇ ಇರಲಿ ಅನಿಸಿತು.

ಐದು ಮೀನಾದವು. ಬಾಸಿಂಗಕ್ಕೆ ಅಂಟಿಸುವ ಹೊಳೆಯುವ ಬೇಗಡೆ ಕಾಗದವನ್ನು ಕತ್ತರಿಸಿ, ಮೀನಿನ ಮೈಯ ಹುರುಪೆಯ ಹಾಗೆ ಒಂದೊಂದೇ ಹೊಪ್ಪಳ ಮಾಡಿ ಅಂಟಿಸಿದೆ. ದಾರ ಕಟ್ಟಿ ಜಗಲಿಯಲ್ಲಿ ತೂಗಹಾಕಿದೆ. ಗಾಳಿಗೆ ತಿರುಗುತ್ತವೆ, ಗೋಡೆಯ ಮೇಲೆ ಹೊಳಪು ಓಡಾಡುತ್ತದೆ.

ಕಣ್ಣು ಬರೆಯಲಿಲ್ಲ. ನಮ್ಮ ಮನೆಯ ಕ್ರಮ ಅದು. ಮೂರ್ತಿ ಒಯ್ಯುವವರು ಬಾಗಿಲಿಗೆ ಬಂದು ನಿಂತ ಮೇಲೆಯೇ ಕಣ್ಣು. ಕಣ್ಣು ಬರೆದರೆ ಅದು ನಮ್ಮದಲ್ಲ, ಮನೆಯಲ್ಲಿ ಇಟ್ಟುಕೊಳ್ಳಬಾರದು.

ಡಿಸೆಂಬರ್ 8, ಭಾನುವಾರ

ಮರ್ಯಾದೆ ಹೋಯಿತು. ದೇವು ಹೊಳೆಯ ದಂಡೆಯಲ್ಲಿ ನನ್ನ ಮೀನು ಎಸೆದ. ಅದು ಮುಳುಗಲಿಲ್ಲ. ಮಲ್ಲಿಗೆ ಹೂವು ಬಿದ್ದ ಹಾಗೆ ನೀರಿನ ಮೇಲೆ ಕೂತಿತು. ಎಳೆದರೆ ಹೊಟ್ಟೆ ಮೇಲೆ ಮಾಡಿ ಮಲಗಿಕೊಂಡು ಬಂತು.

“ಅತ್ಗೇ, ಎಂತದೇ ಇದು? ಮೀನೋ, ದಿಬ್ಬಣ ಹೊರಟ ಮದುಮಗ್ನೋ?” ದೇವು ಹೊಟ್ಟೆ ಹಿಡಿದುಕೊಂಡು ನಕ್ಕ.

ಇವರೂ ನಕ್ಕರು. ಬಾಯಿ ಒಂದು ಕಡೆ ಸೊಟ್ಟ, ಸದ್ದಿಲ್ಲ, ಆದರೆ ಭುಜ ಕುಣಿಯಿತು. ನನಗೆ ಅವಮಾನವೂ ಆಯಿತು, ದೇವುವಿಗೆ ಕೈ ಮುಗಿಯಬೇಕು ಎಂದೂ ಅನಿಸಿತು.

ಡಿಸೆಂಬರ್ 17, ಮಂಗಳವಾರ

ಬೆಂಡು ಬಿಟ್ಟು ಹಾಲವಾಣದ ಕಟ್ಟಿಗೆ ಹಿಡಿದಿದ್ದೇನೆ. ಹಗುರವೇ, ಆದರೆ ಗಟ್ಟಿ. ಹೊಟ್ಟೆಯಲ್ಲಿ ತೂತು ಕೊರೆದು ದೇವು ಕೊಟ್ಟ ಬೀಸುಬಲೆಯ ಸೀಸದ ಗುಂಡು ಇಟ್ಟೆ. ಮೂತಿಯಿಂದ ಬಾಲದವರೆಗೆ ಒಳಗೇ ಉಕ್ಕಿನ ತಂತಿ. ಮೂತಿಯ ಕೆಳಗೆ ಹಳೆಯ ಸ್ಟೀಲ್ ಚಮಚದ ತಗಡು, ಅದು ನೀರನ್ನು ಒದ್ದು ಮೀನನ್ನು ಕೆಳಗಿಳಿಸುತ್ತದೆ. ಈ ಸಲ ಇಳಿಯಿತು. ಡ್ಯೂಟಿಗೆ ಹೊರಟವರ ಹಾಗೆ ನೆಟ್ಟಗೆ ಬಂತು.

ದೇವು ತಲೆ ಕೆರೆದ. “ಅತ್ಗೇ, ಹೀಂಗೆ ನೆಟ್ಟಗೆ ಹೋಗೂ ಮೀನಿನ ಹಿಂದೆ ಕುರಡಿ ಎಂತಕ್ಕೆ ಬತ್ತದೆ? ಪೆಟ್ಟು ತಿಂದದ್ದು ಕಾಣ್ಬೇಕು ಅದ್ಕೆ. ಸೊಟ್ಟ ಮಾಡೇ ಸ್ವಲ್ಪ.”

ಸೊಟ್ಟ! ಬಾಸಿಂಗದ ಎರಡು ಬದಿಯಲ್ಲಿ ಕೂದಲೆಳೆ ವ್ಯತ್ಯಾಸ ಬಂದರೆ ಅಪ್ಪ ಗೆಣ್ಣಿಗೆ ಹೊಡೆಯುತ್ತಿದ್ದರು. ಬೇಕೆಂದೇ ತಪ್ಪು ಮಾಡು ಎಂದರೆ ನನ್ನ ಕೈ ಕೇಳುವುದಿಲ್ಲ. ಮೂರು ದಿನ ಜಗಳವಾಡಿದೆ ನನ್ನ ಕೈ ಜೊತೆ.

ಇವತ್ತು ಸಂಜೆ ಇವರು ಅಂಗಳದಲ್ಲಿ ನಡೆಯುತ್ತಿದ್ದರು. ಎಡ ಹೆಜ್ಜೆ ಸರಿ, ಬಲ ಹೆಜ್ಜೆ ವಾಲಿ ಎಳೆಯುತ್ತದೆ, ಮತ್ತೆ ಎಡ. ಎಷ್ಟೋ ಹೊತ್ತು ನೋಡುತ್ತ ಕೂತೆ. ಆಮೇಲೆ ತಗಡನ್ನು ಒಂದು ಬದಿಗೆ ಅಷ್ಟೇ ವಾಲಿಸಿ ಕತ್ತರಿಸಿ, ಬಕೆಟ್ಟಿನಲ್ಲಿ ಎಳೆದು ನೋಡಿದೆ. ಜೀವ ಬಂದ ಹಾಗೆ ಈಜಿತು. ಹೇಗೆ ಹೊಳೆಯಿತು ಎಂದು ದೇವು ಕೇಳಿದರೂ ಹೇಳುವುದಿಲ್ಲ.

ಡಿಸೆಂಬರ್ 27, ಶುಕ್ರವಾರ

ಇವರ ಕಣ್ಣಿಗೇನೋ ಆಗಿದೆ. ಮೂರು ವಾರದಿಂದ ದಿನಾ ಬೆರಳಲ್ಲಿ ಕಣ್ಣು ತೋರಿಸುತ್ತಾರೆ. ಮೊದಲು ಧೂಳು ಎಂದುಕೊಂಡು ತಣ್ಣೀರು ಹಾಕಿದೆ. ಆಮೇಲೆ ನಂದಿಬಟ್ಟಲ ಹೂವಿನ ನೀರು. ಇನ್ನೂ ಜೋರಾಗಿ ತೋರಿಸಿದರು. ಲಕ್ವ ಕಣ್ಣಿಗೂ ಇಳಿಯಿತೇ ಎಂದು ಎದೆ ಒಡೆದುಹೋಯಿತು. ಇವತ್ತು ಎಬ್ಬಿಸಿಕೊಂಡು ಕುಮಟೆಯ ಕಣ್ಣಿನ ಆಸ್ಪತ್ರೆಗೆ ಹೊರಟೆ. ಬಾಗಿಲ ಚೌಕಟ್ಟು ಹಿಡಿದು ಬರುವುದಿಲ್ಲ ಎಂದು ನಿಂತರು. ಬಿಡುತ್ತೇನೆಯೇ!

ಬಸ್ಸಿನಲ್ಲಿ ಇವರ ಜೊತೆಗಾರ ವಿನಾಯಕ ಕಂಡಕ್ಟರ್. ತನ್ನ ಸೀಟನ್ನೇ ಬಿಟ್ಟುಕೊಟ್ಟ. ಅವನು ‘ಧಾರೇಶ್ವರ’ ಎಂದು ಕೂಗಿದಾಗ ಇವರ ತುಟಿ ಅಲುಗಿತು. ದನಿ ಬರಲಿಲ್ಲ. ನಾನು ಕಿಟಕಿ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

“ಎಂತ ಆಗ್ತದೆ ಸರ್ ಕಣ್ಣಿಗೆ?” ಎಂದರು ಡಾಕ್ಟರು.

“ಉರಿ, ನೋವು, ರಾತ್ರಿ ನಿದ್ದೆ ಇಲ್ಲ,” ಎಂದೆ.

ಇವರು ತಲೆ ಅಲ್ಲಾಡಿಸಿದರು.

“ನೋಡಿ, ನೋವಿಗೆ ತಲೆ ಹೆಂಗೆ ಆಡಿಸ್ತ್ರು!” ಎಂದೆ.

ಡಾಕ್ಟರು ಹನಿ ಹಾಕಿ, ಕತ್ತಲೆಯಲ್ಲಿ ಕೂರಿಸಿ, ಬೆಳಕು ಬಿಟ್ಟು ಎಲ್ಲ ನೋಡಿದರು. “ಇಪ್ಪತ್ತು ವರ್ಷದ ಹುಡುಗ್ರ ಕಣ್ಣಿದ್ದ ಹಾಂಗೆ ಅದೆ. ಎಂತ ಇಲ್ಲ,” ಎಂದರು. ಹನಿಯ ದೆಸೆಯಿಂದ ಇವರಿಗೆ ಸಂಜೆವರೆಗೆ ಎಲ್ಲ ಮಂಜು. ಕಪ್ಪು ಕನ್ನಡಕ ಹಾಕಿಕೊಂಡು, ನನ್ನ ಕಡೆ ಮುಖ ಮಾಡದೆ ಬಂದರು.

ಡಿಸೆಂಬರ್ 28, ಶನಿವಾರ

ನನ್ನಂಥ ದಡ್ಡಿ ಈ ಮೂರು ತಾಲೂಕಿನಲ್ಲಿ ಇಲ್ಲ.

ಬೆಳಿಗ್ಗೆ ಇವರು ಕನ್ನಡಿಯ ಮುಂದೆ ಹೋಗಿ ನಿಂತರು. ಕನ್ನಡಿಯ ಅಂಚಿಗೆ ನಾನು ಅಂಟಿಸಿಟ್ಟ ಹಣೆಯ ಟಿಕಲಿಗಳಲ್ಲಿ ಕಪ್ಪಗಿನದೊಂದನ್ನು ಉಗುರಿನಿಂದ ಎಬ್ಬಿಸಿದರು. ಆ ಬಲಗೈಯಿಂದಲೇ. ಬಿತ್ತು. ಬಗ್ಗಿ ಹೆಕ್ಕಿದರು. ಮತ್ತೆ ಬಿತ್ತು. ನನ್ನ ಕೈ ಮುಂದೆ ಹೋಯಿತು, ಇವರು ಕಣ್ಣು ಕೆಕ್ಕರಿಸಿದರು, ಹಿಂದೆ ತೆಗೆದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಅದನ್ನು ತೂಗುಹಾಕಿದ್ದ ಸುಳ್ಳುಮೀನಿನ ಮುಖಕ್ಕೆ ಅಂಟಿಸಿದರು. ಇನ್ನೊಂದು ಬದಿಗೂ ಒಂದು. ಆಮೇಲೆ ತಮ್ಮ ಕಣ್ಣು ತೋರಿಸಿದರು, ಮೀನಿನ ಕಣ್ಣು ತೋರಿಸಿದರು, ಕೊನೆಗೆ ನನ್ನ ಹಣೆಗೆ ಬೆರಳಲ್ಲಿ ಒಂದು ಕುಟ್ಟಿದರು.

ನಕ್ಕೆ. ನಗುತ್ತ ನಗುತ್ತ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತೆ. ಮೂರು ವಾರ ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದ ಮನುಷ್ಯನಿಗೆ ನಂದಿಬಟ್ಟಲ ನೀರು ಹಾಕಿದೆನಲ್ಲ! ಕಣ್ಣಿಲ್ಲದ ಮೀನನ್ನು ಕುರಡಿ ಮುಟ್ಟುವುದಿಲ್ಲವಂತೆ, ದೇವು ಸಂಜೆ ಹೇಳಿದ. ನನಗೆ ನಮ್ಮ ಮನೆಯ ಕ್ರಮ ಬಿಟ್ಟು ಬೇರೆ ತಲೆಗೇ ಹೋಗಿರಲಿಲ್ಲ. ಒಯ್ಯುವವರು ಬಾಗಿಲಿಗೆ ಬರಲಿ ಎಂದು ಕಾಯುತ್ತಿದ್ದೆ. ಅವರು ಮನೆಯೊಳಗೇ ಇದ್ದರು.

ಜನವರಿ 6, 2025, ಸೋಮವಾರ

ಏಳು ಮೀನಿಗೆ ಕಣ್ಣು ಬರೆದೆ. ಇವರು ಮೀನು ಹಿಡಿದುಕೊಳ್ಳುವುದು, ನಾನು ಬರೆಯುವುದು. ಇವರ ಬಲಗೈಯ ನಡುಕಕ್ಕೆ ಹೊಂದಿಸಿ ಉಸಿರು ಬಿಗಿಹಿಡಿದು ಕುಂಚ ಇಡಬೇಕು. ಮಾತಾಡಿದರೆ ಗೆರೆ ಕೆಡುತ್ತದೆ. ಮಧ್ಯಾಹ್ನ ಶುರು ಮಾಡಿದ್ದು, ತಲೆ ಎತ್ತಿದಾಗ ದೀಪ ಹಚ್ಚುವ ಹೊತ್ತು.

ಜನವರಿ 12, ಭಾನುವಾರ

ಇವರಿಗೆ ಎಸೆಯಲು ಆಗುವುದಿಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟರು. ನಾನು, ಮಾಲಿನಿ, ಐವತ್ತರ ಹೆಂಗಸು, ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊಳೆದಂಡೆಯಲ್ಲಿ! ಮೊದಲ ಎಸೆತ ತೆಂಗಿನ ಗರಿಗೆ. ಎರಡನೆಯದು ದೇವುವಿನ ಲುಂಗಿಗೆ. “ಅತ್ಗೇ, ನಾನು ಕುರಡಿ ಅಲ್ಲ!” ಎಂದು ಅವನು ಕಿರುಚಿದ.

ಇವರು ಹಿಂದೆ ನಿಂತು ಎಡಗೈಯಿಂದ ನನ್ನ ಮೊಣಕೈ ಹಿಡಿದು ಹೇಳಿಕೊಟ್ಟರು. ಒತ್ತಿದರೆ ನಿಲ್ಲು. ಸಡಿಲಿಸಿದರೆ ಬಿಡು. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ಹೊತ್ತು ಇವರು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲಿರಬೇಕು.

ಜನವರಿ 21, ಮಂಗಳವಾರ

ಎಸೆದೆ. ಎಳೆದೆ. ಏನೂ ಇಲ್ಲ.

ಫೆಬ್ರವರಿ 3, ಸೋಮವಾರ

ನಾಲ್ಕು ತಿಂಗಳಾಗುತ್ತ ಬಂತು. ವೀಣಾ ಮೇಡಂ ಇವತ್ತು ಚಿತ್ರ ತೋರಿಸಿ ತೋರಿಸಿ ಕೇಳಿದಳು. ಹಸು, ಬಸ್ಸು, ಕೊಡೆ. ಬಸ್ಸಿನ ಚಿತ್ರಕ್ಕೆ ‘ಬ’ ಎನ್ನುವ ಹಾಗೆ ತುಟಿ ಕೂಡಿಸಿದರು. ಒಂದು ನಿಮಿಷ, ಎರಡು ನಿಮಿಷ. ಗಡಿಯಾರದ ಸದ್ದು ಕೇಳುತ್ತಿತ್ತು. ಕೊನೆಗೆ ಬಂದದ್ದು ಉಸಿರು ಮಾತ್ರ. ಇನ್ನು ಎರಡು ತಿಂಗಳು. ಬರದಿದ್ದರೆ?

ಹೊರಡುವಾಗ ಅವಳು ವಿಚಿತ್ರವಾಗಿ ಕೇಳಿದಳು, “ಅಕ್ಕಾ, ನಿಮ್ಗೆ ಗಂಟಲು ಸರಿ ಇಲ್ವಾ?”

“ಎಂತ ಆಗ್ಲಿಲ್ವಲೆ,” ಎಂದೆ.

“ಅಲ್ಲ, ಬಂದು ಒಂದು ಗಂಟೆ ಆತು. ಅದ್ಕೆ ಕೇಳ್ದೆ.” ಹೇಳಿ ನಕ್ಕಳು. ಈ ಓದಿದ ಹುಡುಗಿಯರ ಮಾತು ನನಗೆ ಅರ್ಥವಾಗುವುದಿಲ್ಲ.

ಫೆಬ್ರವರಿ 16, ಭಾನುವಾರ

ಬೆಳಗಿನ ಜಾವದ ಮಂಜಿನಲ್ಲಿ ಮೊದಲ ಸಲ ದೋಣಿ ಹತ್ತಿದೆವು. ಹೊಳೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲು ಬಾರದು. ಇವರು ಮುಂದೆ, ನಾನು ನಡುವೆ, ದೇವು ಹಿಂದೆ ಗಳ ಹಾಕುತ್ತ. ಕಾಂಡ್ಲಾ ಗಿಡಗಳು ಒಂದೊಂದೇ ಹತ್ತಿರ ಬಂದು, ನಮ್ಮನ್ನು ನೋಡಿ, ಹಿಂದಕ್ಕೆ ಹೋಗುತ್ತಿದ್ದವು. ಎಲ್ಲೋ ಸಣ್ಣ ಮೀನು ಹಾರಿ ಬಿದ್ದ ಸದ್ದು, ಆಮೇಲೆ ಅದೂ ಇಲ್ಲ.

ಎಸೆದು, ನಿಧಾನಕ್ಕೆ ಸುತ್ತುತ್ತಿದ್ದರೆ ನೀರಿನ ಕೆಳಗೆ ನನ್ನ ಮೀನು ಕಾಲೆಳೆದುಕೊಂಡು ಬರುವುದು ದಾರದಲ್ಲೇ ಬೆರಳಿಗೆ ತಿಳಿಯುತ್ತದೆ. ಟಕ್, ಎಳೆತ, ಟಕ್, ಎಳೆತ. ಕಣ್ಣು ಮುಚ್ಚಿದರೆ ನಾನೂ ಅದರ ಜೊತೆ ಕೆಳಗೆ, ಹಸಿರು ಬೆಳಕಿನಲ್ಲಿ. ಇವರ ಬೆನ್ನು ಕಾಣುತ್ತಿತ್ತು. ಮಂಜು ಕರಗಿ ಅಂಗಿ ಒದ್ದೆಯಾಗಿತ್ತು. ಈ ಬೆನ್ನು ಹೀಗೇ ಮುಂದೆ ಕೂತಿದ್ದರೆ, ಮಾತಿಲ್ಲದೆಯೂ ನಡೆದೀತು ಎಂದು ಒಮ್ಮೆ ಅನಿಸಿತು. ತಕ್ಷಣ ಹಾಗೆ ಅಂದುಕೊಂಡದ್ದಕ್ಕೆ ಹೆದರಿದೆ. ನಡೆಯುವುದಿಲ್ಲ. ನನಗೆ ಆ ದನಿ ಬೇಕು.

ಮೀನು ಸಿಗಲಿಲ್ಲ. ಮನೆಗೆ ಬಂದ ಮೇಲೆ ನೆನಪಾಯಿತು, ಮೂರು ತಾಸು ನಾವು ಮೂವರೂ ತುಟಿ ಎರಡು ಮಾಡಿರಲಿಲ್ಲ. ದೇವುವಿಗೆ ಏನಾದರೂ ಬೇಸರವಿತ್ತೋ ಏನೋ.

ಮಾರ್ಚ್ 2, ಭಾನುವಾರ

ಸೀರೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬರಲಿ.

ಅಮಾವಾಸ್ಯೆ ಕಳೆದು ಎರಡು ದಿನ, ನೀರಿನ ಸೆಳೆತ ಜೋರು. ಇಳಿತ ಶುರುವಾಗುವ ಹೊತ್ತಿಗೆ ಕಾಂಡ್ಲಾ ಬೇರಿನ ಬಾಯಿಗೆ ಸರಿಯಾಗಿ ಎಸೆದೆ. ದೊಡ್ಡದು, ಬೆನ್ನು ಕಪ್ಪು ಹೊಟ್ಟೆ ಬಿಳಿ ಮಾಡಿದ್ದು, ನನ್ನ ಕೈಯಿಂದ ಬಂದದ್ದರಲ್ಲೇ ಚೆಂದದ್ದು. ಎರಡು ಸುತ್ತು ಎಳೆದೆ. ನಿಲ್ಲಿಸಿದೆ. ಮತ್ತೊಂದು ಸುತ್ತು.

ನೀರು ಒಡೆಯಿತು. ಬೆಳ್ಳಿಯ ಹರಿವಾಣದಷ್ಟು ದೊಡ್ಡ ಪಕ್ಕೆ ಒಮ್ಮೆ ಹೊರಳಿತು, ಕೋಲು ಬಿಲ್ಲಾಯಿತು, ನಾನು ದೋಣಿಯಲ್ಲಿ ಮಂಡಿಯೂರಿ ಬಿದ್ದೆ. ಬಾವಿಯಿಂದ ಕೊಡ ಎಳೆದ ಹಾಗೆ ಚಕ್ರ ಬಿಗಿಹಿಡಿದು ಎಳೆದೆ. ಬಿಡಬಾರದು, ಬಿಟ್ಟರೆ ಬೇರಿನೊಳಗೆ ನುಗ್ಗುತ್ತದೆ, ಅಷ್ಟೇ ತಲೆಯಲ್ಲಿ.

“ಬಿಡು! ಬಿಡೇ!”

“ಬಿಟ್ರೆ ಬೇರಿಗೆ ಹೋತದೆ!” ಎಂದು ನಾನೂ ಕೂಗಿದೆ.

“ದಾರ! ದಾರ ಬಿಡೇ ಮಾರಾಯ್ತಿ!”

“ಬಾಯಿ ಮುಚ್ಕಂಡು ಕೂತ್ಕಣಿ ಒಂದ್ ಘಳಿಗೆ! ನಂಗೆ ಗೊತ್ತದೆ!”

“ಬಿಡೇ!”

ಟಪ್ಪೆಂದಿತು. ಕೋಲು ನೆಟ್ಟಗಾಯಿತು. ದಾರದ ತುಂಡು ಗಾಳಿಯಲ್ಲಿ ಹಾರಾಡಿತು. ಕುರಡಿಯೂ ಇಲ್ಲ, ನನ್ನ ಮೀನೂ ಇಲ್ಲ. ಮೈಯೆಲ್ಲ ಉರಿದುಹೋಯಿತು. “ನಿಮ್ಮ ಗಲಾಟೆಯಿಂದ್ಲೇ ಹೋತು! ಸುಮ್ನೆ ಇರೂಕೆ ಬತ್ತಿಲ್ವಾ ನಿಮ್ಗೆ?” ಎಂದು ಇವರ ಮೇಲೆ ಹರಿಹಾಯ್ದೆ. ಇವರು ಎದ್ದು ನಿಂತಿದ್ದರು, ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು. ದೇವುವಿನ ಕಡೆ ತಿರುಗಿದೆ, ನ್ಯಾಯ ಹೇಳು ಎಂದು. ಅವನ ಗಳ ಕೈಜಾರಿ ನೀರಿನಲ್ಲಿ ತೇಲಿಹೋಗುತ್ತಿತ್ತು. ಅದನ್ನು ಹಿಡಿಯುವ ಎಚ್ಚರವೂ ಇಲ್ಲದೆ ಇವರನ್ನೇ ನೋಡುತ್ತಿದ್ದ, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

“ಅತ್ಗೇ,” ಎಂದ. “ದಿವಾಕರಣ್ಣ.”

ಆಗ ನನಗೆ ತಿಳಿಯಿತು.

ದೋಣಿ ತನ್ನಷ್ಟಕ್ಕೆ ಇಳಿತದ ಜೊತೆ ಹೋಗುತ್ತಿತ್ತು. ಇವರ ಕಾಲು ಹಿಡಿದುಕೊಂಡು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ತಲೆಯ ಮೇಲೆ ಇವರ ಕೈ ಇತ್ತು, ನಡುಗುವ ಕೈ. ಮನೆ ಮುಟ್ಟುವವರೆಗೂ ಇವರದು ಮೂರೇ ಮಾತು. ಬಿಡು, ದಾರ, ಮಾರಾಯ್ತಿ. ಹಿಂದೆ ಮುಂದೆ ಮಾಡಿ ಅದನ್ನೇ ಹೇಳಿದರು. ಈಗಲೂ ಒಳಗೆ ಗೋಡೆಗೆ ಹೇಳುತ್ತಿದ್ದಾರೆ. ಎಷ್ಟು ದೊಡ್ಡ ಗಂಟಲು!

ಐದು ತಿಂಗಳು ಇಡಗುಂಜಿ ಗಣಪತಿಗೆ ಹರಕೆ ಹೊತ್ತು, ಒಂದು ಮಾತು ಬರಲಿ, ಒಂದೇ ಒಂದು ಮಾತು ಬರಲಿ ಎಂದು ಬೇಡಿಕೊಂಡವಳು ನಾನು. ಆ ಮಾತು ಬಂದಾಗ ನಾನು ಹೇಳಿದ್ದು, ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ ಎಂದು. ಪುಣ್ಯಕ್ಕೆ, ಈ ಮನುಷ್ಯ ಜನ್ಮದಲ್ಲಿ ಒಮ್ಮೆಯೂ ನನ್ನ ಮಾತು ಕೇಳಿದವರಲ್ಲ.